ನೀರಿನ ಲೆಕ್ಕ, ಕರೆಂಟಿನ ಲೆಕ್ಕ



ಈ ಹೊತ್ತು ನಾನು ಹೊಸ ತಳಿಯ ವಿಷಯವನ್ನಾಗಲಿ, ಗೊಬ್ಬರದ ವಿಷಯವನ್ನಾಗಲಿ ಎತ್ತಿಕೊಂಡಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ಅರಳಿಕಟ್ಟೆಯಲ್ಲಿ, ಸಂತೆಯಲ್ಲಿ, ಸೊಸೈಟಿ ಬಾಗಿಲಲ್ಲಿ ನೀವು ದಿನಾ ಆಡುವ ಮಾತನ್ನೇ ಎತ್ತಿಕೊಂಡಿದ್ದೇನೆ. ನೀರು ಯಾರಿಗೆ ಬಂತು, ಯಾರಿಗೆ ಬರಲಿಲ್ಲ? ಕರೆಂಟು ಎಷ್ಟು ಹೊತ್ತು ಇತ್ತು? ಮಳೆ ಯಾಕೆ ಹೀಗೆ ಮಾಡ್ತಾ ಇದೆ? ಈ ಮಾತು ಆಡುವುದು ತಪ್ಪಲ್ಲ, ಆಡಲೇಬೇಕು. ಆದರೆ ಲೆಕ್ಕ ಇಲ್ಲದೆ ಆಡಿದಾಗ ಅದು ಜಗಳವಾಗಿ, ಮೇಲಿನವರು ಕೆಳಗಿನವರನ್ನು, ತೋಟದವರು ಗದ್ದೆಯವರನ್ನು ಬೈಯುವಲ್ಲಿಗೆ ನಿಲ್ಲುತ್ತದೆ. ಆದುದರಿಂದ ಇಂದು ಕೈಬೆರಳಲ್ಲಿ ಎಣಿಸಬಹುದಾದ ಕೆಲವು ಲೆಕ್ಕಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು 2023ನೆಯ ಇಸವಿಯನ್ನು ನೆನಪು ಮಾಡಿಕೊಳ್ಳಿ. ಆ ವರ್ಷ ಆಶ್ಲೇಷ, ಮಘೆ ಎರಡೂ ಕೈಕೊಟ್ಟವು. ಮಘೆ ಮಳೆಯನ್ನು ಮನೆಮಗನ ಊಟಕ್ಕೆ ಹೋಲಿಸಿದವರು ನಮ್ಮ ಹಿರಿಯರು. ಆ ವರ್ಷ ಮಗ ಉಪವಾಸವೇ ಬಿದ್ದ. 1901ರಿಂದ ದೇಶದಲ್ಲಿ ಇಟ್ಟಿರುವ ಮಳೆ ಲೆಕ್ಕದಲ್ಲಿ ಅಷ್ಟು ಒಣಗಿದ ಆಗಸ್ಟ್ ತಿಂಗಳು ಇನ್ನೊಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದರು. ಭದ್ರಾ ಜಲಾಶಯ ತುಂಬಲಿಲ್ಲ. ನಾಲೆಗೆ ನೀರು ಬಿಡಬೇಕು, ಬಿಡಬಾರದು ಎಂದು ಸೆಪ್ಟೆಂಬರಿನಲ್ಲಿ ದಾವಣಗೆರೆ ಬಂದ್ ಆಯಿತು. ಮರುವರ್ಷದ ಬೇಸಿಗೆಯಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆದದ್ದನ್ನು ನೀವೇ ಕಂಡಿದ್ದೀರಿ. ದುಡ್ಡು ಕೊಟ್ಟು ಹೊಡೆಸಿದವರೂ ಈ ಮಾತು ಕೇಳುತ್ತಿರಬಹುದು.

ಅದೇ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ನಮ್ಮ ರಾಜ್ಯದ ಕರೆಂಟಿನಲ್ಲಿ ಒಂದು ಪಾಲು ಶರಾವತಿಯಂಥ ನದಿಗಳ ನೀರಿನಿಂದ ಬರುವುದು. ಮಳೆ ಹೋದದ್ದರಿಂದ ಆ ಪಾಲು ಕುಗ್ಗಿತು. ನಾಲೆಯಲ್ಲಿ ನೀರಿಲ್ಲವೆಂದು ಬೋರು ಇದ್ದವರೆಲ್ಲ ಬೋರನ್ನೇ ನೆಚ್ಚಿಕೊಂಡರು, ಕರೆಂಟಿನ ಬೇಡಿಕೆ ಏರಿತು. ಆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿಗೆ ಐದು ಗಂಟೆಯೋ ಏಳು ಗಂಟೆಯೋ ಎಂದು ರಾಜ್ಯವೆಲ್ಲ ಗಲಾಟೆಯಾಗಿ, ಕಡೆಗೆ ಏಳು ಗಂಟೆ ತ್ರೀಫೇಸ್ ಕೊಡುವುದೆಂದು ಸರ್ಕಾರ ಹೇಳಿತು. ನೋಡಿ, ಮಳೆ ಕೈಕೊಟ್ಟ ವರ್ಷವೇ ನಾಲೆ ಒಣಗುತ್ತದೆ, ಆ ವರ್ಷವೇ ಕರೆಂಟು ಕಡಿಮೆಯಾಗುತ್ತದೆ, ಆ ವರ್ಷವೇ ಬೋರು ಹೆಚ್ಚು ಓಡುತ್ತದೆ. ಮೂರೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ನೀರಿನ ಮಾತು ಬೇರೆ, ಕರೆಂಟಿನ ಮಾತು ಬೇರೆ ಎಂದು ನಾವು ಆಡುತ್ತಾ ಬಂದದ್ದೇ ಮೊದಲ ತಪ್ಪು ಎಂದು ನನ್ನ ಎಣಿಕೆ.

ಇನ್ನು ಈ ನಾಲ್ಕು ತಾಲ್ಲೂಕಿನ ನೀರು ಹೇಗೆ ಒಂದಕ್ಕೊಂದು ಗಂಟು ಬಿದ್ದಿದೆ ಎಂಬುದನ್ನು ನೋಡೋಣ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ ತುಂಬಿದಾಗ 71.5 ಟಿಎಂಸಿ ನೀರು ನಿಲ್ಲುತ್ತದೆ, 186 ಅಡಿ. ಬಲದಂಡೆ ನಾಲೆಯಲ್ಲಿ ಬಂದ ನೀರು ಚನ್ನಗಿರಿ ಸೀಮೆಯನ್ನು ಹಾದು ದಾವಣಗೆರೆ, ಹರಿಹರದ ಕೊನೇ ಭಾಗಕ್ಕೆ ಮುಟ್ಟಬೇಕು. ದಾರಿಯಲ್ಲಿ ಸೂಳೆಕೆರೆಗೂ ಈ ನೀರು ಸೇರುತ್ತದೆ. ಎರಡು ಗುಡ್ಡದ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎಂಟು ಒಂಬತ್ತು ನೂರು ವರ್ಷದ ಹಿಂದೆ ಕಟ್ಟಿದ ಕೆರೆ ಅದು. ಶಾಂತವ್ವ ಕಟ್ಟಿಸಿದಳೆಂದು ನಮ್ಮ ಜನ ಹೇಳುತ್ತಾರೆ, ಶಾಂತಿಸಾಗರವೆಂದೂ ಕರೆಯುತ್ತಾರೆ. ಗದ್ದೆಗೆ ನೀರು ಕೊಡುವುದರ ಜತೆಗೆ ಚಿತ್ರದುರ್ಗ ಪಟ್ಟಣದ ಜನ ಕುಡಿಯುವುದೂ ಇದೇ ಕೆರೆಯ ನೀರನ್ನು.

ನಾಲೆಗೆ ಹೋಗದೆ ಹೊಳೆಯಲ್ಲೇ ಇಳಿದ ಭದ್ರೆಯ ನೀರು ಕೂಡ್ಲಿಯಲ್ಲಿ ತುಂಗೆಯ ಸಂಗಡ ಕೂಡುತ್ತದೆ. ಮುಂದೆ ನ್ಯಾಮತಿ, ಹೊನ್ನಾಳಿ ಹೊಳೆಸಾಲಿನ ಹಳ್ಳಿಗಳು ಪಂಪು ಇಟ್ಟು ಎತ್ತುವ ನೀರು ಅದೇ. ಹಾಗೇ ಇಳಿದು ಹರಿಹರ ತಾಲ್ಲೂಕಿನ ದೀಟೂರು ಹತ್ತಿರ ಬಂದರೆ, ಅಲ್ಲಿಂದ ಯಂತ್ರದಲ್ಲಿ ಎತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಇದೆ. ಎಲ್ಲಿಯ ಲಕ್ಕವಳ್ಳಿ, ಎಲ್ಲಿಯ ಜಗಳೂರು! ಆದರೂ ಒಂದೇ ನೀರು. ಹೊನ್ನಾಳಿಯಲ್ಲಿ ಹೊಳೆ ಇಳಿದರೆ ಜಗಳೂರಿನ ಪೈಪು ಒಣಗುತ್ತದೆ.

ಈಗ ಮೊದಲನೆಯ ಲೆಕ್ಕ. ಚನ್ನಗಿರಿ ಕಡೆ ಹಿರಿಯರೊಬ್ಬರು ನನಗೆ ಹೇಳಿದರು: “ಸಾಹೇಬ್ರೆ, ನಮ್ಮಪ್ಪನ ಕಾಲದಾಗೆ ಬಾವಿಯಿಂದ ಕಪಿಲೆ ಹೊಡೀತಿದ್ರು. ನನ್ನ ಕಾಲಕ್ಕೆ ಇನ್ನೂರು ಅಡಿ ಬೋರು. ಈಗ ಮಗ ಏಳ್ನೂರು ಅಡಿ ಕೊರೆಸ್ಯಾನೆ, ಎರಡಿಂಚು ಬಿತ್ತು ಅಂತ ಸಿಹಿ ಹಂಚಿದ.” ಸಿಹಿ ಹಂಚಲಿ, ಬೇಡವೆನ್ನುವುದಿಲ್ಲ. ಆದರೆ ಎರಡಿಂಚು ಎಂದರೆ ಎಷ್ಟು ನೀರು? ಬೋರು ಕೊರೆಯುವವರು ತಗಡಿನಲ್ಲಿ ‘ವಿ’ ಆಕಾರದ ಕಚ್ಚು ಕೊಯ್ದು, ಅದರೊಳಗೆ ನೀರು ಎಷ್ಟು ಎತ್ತರ ನಿಂತು ಹರಿಯಿತೆಂದು ಇಂಚಿನಲ್ಲಿ ಹೇಳುತ್ತಾರೆ. ಇದರಲ್ಲೊಂದು ಮರ್ಮವಿದೆ. ಎರಡಿಂಚು ಒಂದಿಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಒಂದಿಂಚೆಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚೆಂದರೆ ಸುಮಾರು 2,900 ಲೀಟರ್. ಎರಡಿಂಚು ಇದ್ದದ್ದು ಬೇಸಿಗೆಗೆ ಒಂದೂವರೆ ಇಂಚಿಗೆ ಬಂದರೆ “ಅರ್ಧ ಇಂಚು ತಾನೇ ಹೋಯ್ತು” ಎನ್ನಬೇಡಿ. ಅಲ್ಲಿಗೆ ಅರ್ಧ ನೀರೇ ಹೋಯಿತು.

ಕಚ್ಚಿನ ಗೊಡವೆ ಬೇಡವೆಂದರೆ 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಏಳು ಗಂಟೆ ಕರೆಂಟಿಗೆ 21,000 ಲೀಟರ್. ಇಷ್ಟೇ ನಿಮ್ಮ ದಿನದ ಗಳಿಕೆ.

ಇದಕ್ಕೆ ತಗಲುವ ಕರೆಂಟೆಷ್ಟು? 500 ಅಡಿ ಆಳದಿಂದ ಸಾವಿರ ಲೀಟರ್ ಎತ್ತಲು ನಮ್ಮ ಸಾಮಾನ್ಯ ಪಂಪುಗಳು ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತವೆ. ಆಳ ಎರಡು ಪಟ್ಟಾದರೆ ಯೂನಿಟ್ಟೂ ಎರಡು ಪಟ್ಟು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಬಿಲ್ಲಿಲ್ಲ, ಹೌದು. ಬಿಲ್ಲು ನಿಮ್ಮ ಮನೆಗೆ ಬರುವುದಿಲ್ಲ, ಆದರೆ ಆ ಯೂನಿಟ್ಟು ಎಲ್ಲಿಂದಲೋ ಬರಲೇಬೇಕು. ರಾಜ್ಯದ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಪಂಪ್‌ಸೆಟ್ಟಿಗೇ ಹೋಗುತ್ತದೆ. ಅದರ ಹಣ ಸರ್ಕಾರದ ಬೊಕ್ಕಸದಿಂದ, ಅಂದರೆ ಮತ್ತೆ ನಿಮ್ಮಿಂದಲೇ. ಅದರ ಕೊರತೆ ಮಾತ್ರ ನೇರವಾಗಿ ನಿಮ್ಮ ಟಿಸಿಗೆ ಬಂದು ಮುಟ್ಟುತ್ತದೆ.

ಟಿಸಿ ಎಂದಾಗ ನೆನಪಾಯಿತು. ಆಟೋ ಸ್ಟಾರ್ಟರ್ ಹಾಕಿ ಮಲಗುವ ಪದ್ಧತಿ ಎಲ್ಲ ಊರಲ್ಲೂ ಇದೆ. ರಾತ್ರಿ ಎರಡಕ್ಕೆ ಕರೆಂಟು ಬಂದ ಕೂಡಲೇ ಒಂದೇ ಟಿಸಿಯ ಎಲ್ಲ ಪಂಪುಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಪಂಪು ಶುರುವಾಗುವ ಗಳಿಗೆಯಲ್ಲಿ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು. ಟಿಸಿ ಸುಡುವುದಕ್ಕೆ ಇದೂ ಒಂದು ಕಾರಣ. ಸುಟ್ಟ ಟಿಸಿ ಬದಲಾಯಿಸುವವರೆಗೆ ತೋಟ ಕಾಯುವವರು ಯಾರು? ಹಾವು ಚೇಳಿನ ಭಯಕ್ಕೆ ರಾತ್ರಿ ಹೋಗಲಾರದೆ ಆಟೋ ಹಾಕುತ್ತೀರಿ, ಅದು ನನಗೂ ಗೊತ್ತು. ಅದಕ್ಕೇ ಹಗಲು ಹೊತ್ತು ಕರೆಂಟು ಕೊಡಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಅಲ್ಲಿಯತನಕ ಒಂದು ಟಿಸಿಯವರೆಲ್ಲ ಕೂತು ಸರದಿ ಮಾಡಿಕೊಳ್ಳಿ, ಪಂಪಿಗೆ ಕೆಪಾಸಿಟರ್ ಹಾಕಿಸಿ.

ಈಗ ಅಡಿಕೆ. ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ ಹತ್ತು ಸಾವಿರ ಲೀಟರ್ ಹತ್ತಿರವಾಯಿತು, ಅಂದರೆ ದಿನಕ್ಕೊಂದು ಟ್ಯಾಂಕರ್. ಪೈಪು ಹಿಡಿದು ಪಾತಿಗೆ ಬಿಡುವವರಿಗೆ ಮರಕ್ಕೆ ನಾಲ್ಕೈದು ದಿನಕ್ಕೊಮ್ಮೆ 175ರಿಂದ 200 ಲೀಟರ್ ಬೇಕು, ದಿನಕ್ಕೆ 40 ಲೀಟರ್ ಬಿದ್ದ ಹಾಗೆ. ಮೇಲೆ ಹೇಳಿದ 21,000 ಲೀಟರಿನ ಬೋರು ಪಾತಿ ಪದ್ಧತಿಯಲ್ಲಿ ಒಂದೆಕರೆ ಕಾಪಾಡುತ್ತದೆ, ಹನಿಯಲ್ಲಿ ಎರಡೆಕರೆ ಕಾಪಾಡುತ್ತದೆ.

ಇಲ್ಲಿ ನಾನು ಸ್ವಲ್ಪ ಖಾರವಾಗಿ ಮಾತಾಡಬೇಕಾಗಿದೆ, ಕ್ಷಮಿಸಿ. ಹನಿ ಹಾಕಿಸಿ ಉಳಿದ ನೀರನ್ನು ನೀವು ಉಳಿಸಿದಿರಾ? ಬಹಳ ಕಡೆ ಉಳಿದ ನೀರಿಗೆ ಇನ್ನೊಂದೆಕರೆ ಸಸಿ ಇಟ್ಟಿದ್ದೀರಿ. ಗದ್ದೆ ಒಡೆದು, ಮೆಕ್ಕೆಜೋಳದ ಹೊಲ ಒಡೆದು ಅಡಿಕೆ ಇಟ್ಟಿದ್ದೀರಿ. ಬೆಲೆ ಇದೆ, ಇಟ್ಟಿರಿ, ಬೈಯುವುದಕ್ಕೆ ನಾನು ಯಾರು? ಆದರೆ ಭತ್ತವಾದರೆ ನೀರಿಲ್ಲದ ವರ್ಷ ನಾಟಿ ನಿಲ್ಲಿಸಬಹುದು, ಜೋಳವಾದರೆ ಒಂದು ಬೆಳೆ ಹೋಯಿತೆಂದು ಸುಮ್ಮನಿರಬಹುದು. ಅಡಿಕೆ ಹಾಗಲ್ಲ. ಐದಾರು ವರ್ಷ ಸಾಕಿದ ಮರ ಒಂದು ಬೇಸಿಗೆಗೆ ಒಣಗಿದರೆ ಮತ್ತೆ ಐದಾರು ವರ್ಷ. ಬರಗಾಲದಲ್ಲೂ ನಿಲ್ಲಿಸಲಾಗದ ಬೆಳೆಯನ್ನು, ಬರಗಾಲದಲ್ಲಿ ಮೊದಲು ನಿಲ್ಲುವ ನೀರಿಗೆ ಕಟ್ಟಿದ್ದೇವೆ. ಹೊಸ ಸಸಿ ಇಡುವ ಮುಂಚೆ ಏಪ್ರಿಲ್ ತಿಂಗಳಲ್ಲಿ ಡ್ರಮ್ಮು ಇಟ್ಟು ಅಳೆಯಿರಿ. ಮಳೆಗಾಲದ ಅಳತೆಯನ್ನು ನಂಬಬೇಡಿ. ಇರುವ ತೋಟದಲ್ಲಿ ಸೋಗೆ, ಸಿಪ್ಪೆ ಸುಡದೆ ಬುಡಕ್ಕೆ ಹೊದಿಸಿ. ಬಿಸಿಲಿಗೆ ಹಾರಿಹೋಗುವ ತೇವ ಅಲ್ಲೇ ನಿಲ್ಲುತ್ತದೆ.

ಗದ್ದೆಯವರ ಲೆಕ್ಕಕ್ಕೆ ಬರೋಣ. ಒಂದೆಕರೆ ಮೇಲೆ ಒಂದಿಂಚು ನೀರು ನಿಂತರೆ ಅದು ಒಂದು ಲಕ್ಷ ಲೀಟರಿಗೆ ತುಸು ಹೆಚ್ಚು. ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ. ಭತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ ಸುಮಾರು 48 ಇಂಚು ಕೊಡುತ್ತೇವೆ. ಎಕರೆಗೆ 50 ಲಕ್ಷ ಲೀಟರ್ ಅನ್ನಿ. ಒಂದು ಟಿಎಂಸಿ ಎಂದರೆ 2,830 ಕೋಟಿ ಲೀಟರ್; ನಾಲೆಯಲ್ಲಿ ಇಂಗಿದ್ದನ್ನು ಬಿಟ್ಟರೂ ಅದರಲ್ಲಿ ಬೆಳೆಯುವುದು 5,600 ಎಕರೆ ಭತ್ತ ಮಾತ್ರ. ಮೇಲ್ಭಾಗದ ಒಬ್ಬ ರೈತ ರಾತ್ರಿಯೆಲ್ಲ ತೂಬು ತೆರೆದಿಟ್ಟು ಮಲಗಿದರೆ ಕೊನೇ ಭಾಗದವನ ಸಸಿಮಡಿ ಒಣಗುವುದು ಈ ಲೆಕ್ಕದಲ್ಲೇ.

ಭತ್ತಕ್ಕೆ ಸದಾ ನೀರು ನಿಂತೇ ಇರಬೇಕೆಂಬುದು ಹಳೆಯ ನಂಬಿಕೆ. ಅಷ್ಟು ಬೇಕಾಗಿಲ್ಲ. ಒಂದಡಿ ಉದ್ದದ, ನಾಲ್ಕರಿಂದ ಆರಿಂಚು ಅಗಲದ ಪಿವಿಸಿ ಪೈಪಿನ ತುಂಡು ತನ್ನಿ. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹಾಕಿ, ಆ ಅರ್ಧವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರ ಕಳೆದ ಮೇಲೆ ಮೇಲಿನ ನೀರು ಆರಲು ಬಿಡಿ. ಪೈಪಿನೊಳಗೆ ನೀರು ನೆಲಮಟ್ಟದಿಂದ ಆರಿಂಚು ಕೆಳಗಿಳಿದಾಗ ಮತ್ತೆ ಎರಡಿಂಚು ನೀರು ಕಟ್ಟಿ. ಬೇರು ಆ ತೇವವನ್ನು ಮುಟ್ಟುತ್ತದೆ, ಬೆಳೆ ಸೊರಗುವುದಿಲ್ಲ. ಹೂವಾಡುವ ಹಿಂದಿನ ವಾರ, ಮುಂದಿನ ವಾರ ಮಾತ್ರ ನೀರು ತಪ್ಪಿಸಬಾರದು. ಸರಿಯಾಗಿ ಮಾಡಿದರೆ ಕಾಲು ಭಾಗದಷ್ಟು ನೀರು ಉಳಿಯುತ್ತದೆ, ಹೊಳೆಯಿಂದ ಪಂಪಿನಲ್ಲಿ ಎತ್ತುವ ಹೊನ್ನಾಳಿ, ನ್ಯಾಮತಿಯವರಿಗೆ ಅಷ್ಟೇ ಕರೆಂಟೂ ಉಳಿಯುತ್ತದೆ. ನಾಲೆಯವರಿಗೆ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ: ಮುಂದಿನ ಸರದಿಗೆ ನೀರು ಖಂಡಿತ ಬರುತ್ತದೆಂಬ ನಂಬಿಕೆ ಇಲ್ಲದವನು ಇವತ್ತು ಗದ್ದೆ ಆರಲು ಬಿಡುವುದಿಲ್ಲ. ಆದ್ದರಿಂದ ಇದು ಒಬ್ಬನ ಕೈಯಲ್ಲಾಗುವ ಕೆಲಸವಲ್ಲ; ತೂಬಿನ ನೀರು ಬಳಕೆದಾರರ ಸಂಘ ಸರದಿಯ ದಿನವನ್ನು ಮೊದಲೇ ಸಾರಬೇಕು.

ನಿಂತ ನೀರಿನ ಕೆಸರಿನಿಂದ ಮೀಥೇನ್ ಎಂಬ ಅನಿಲ ಏಳುತ್ತದೆ. ಗದ್ದೆ ಆಗಾಗ ಆರಿದರೆ ಅದು ಬಹಳಷ್ಟು ಕಡಿಮೆಯಾಗುತ್ತದೆ. “ಅನಿಲಕ್ಕೂ ನಮ್ಮ ಮಳೆಗೂ ಏನ್ ಸಂಬಂಧ ರೀ?” ಎಂದು ಕೇಳುತ್ತೀರಿ. ಸಂಬಂಧ ಇದೆ. ಕಲ್ಲಿದ್ದಲು, ಡೀಸೆಲ್ ಸುಟ್ಟ ಹೊಗೆ ಮತ್ತು ಇಂಥ ಅನಿಲಗಳು ಭೂಮಿಗೆ ಹೊದಿಸಿದ ಕಂಬಳಿಯ ಹಾಗೆ ಕಾವನ್ನು ಹಿಡಿದಿಡುತ್ತವೆ. ಭೂಮಿಯ ಕಾವು ನೂರೈವತ್ತು ವರ್ಷದ ಹಿಂದಿಗಿಂತ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಕಾವು ಒಂದು ಡಿಗ್ರಿ ಏರಿದರೆ ಗಾಳಿ ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಅದರಿಂದ ಎರಡು ಪರಿಣಾಮ. ಬಿಸಿಲಿದ್ದಾಗ ನೆಲದ ತೇವ ಬೇಗ ಹೀರುತ್ತದೆ, ಮಳೆ ಬಂದಾಗ ಒಂದೇ ಸಲ ಸುರಿಯುತ್ತದೆ. ವಾರವೆಲ್ಲ ಹನಿಯಬೇಕಾದದ್ದು ಒಂದೇ ಸಂಜೆ ಬಿದ್ದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ, ಆಮೇಲೆ ಇಪ್ಪತ್ತು ದಿನ ಸುದ್ದಿಯಿಲ್ಲ. ಜಗತ್ತಿನ ಹೊಗೆಗೆಲ್ಲ ನಮ್ಮ ಗದ್ದೆ ಕಾರಣವಲ್ಲ, ದೊಡ್ಡ ಪಾಲು ಬೇರೆಯವರದೇ. ಆದರೆ ಬಿಸಿ ತಟ್ಟುವುದು ಬಯಲಲ್ಲಿ ಬೆಳೆ ಇಟ್ಟವರಿಗೆ ಮೊದಲು.

ಹೀಗೆ ಸುರಿದು ಓಡುವ ಮಳೆಯನ್ನು ಹಿಡಿಯುವ ಮಾತು ಜಗಳೂರಿನವರಿಗೆ ಹೆಚ್ಚು ಬೇಕಾದದ್ದು. ಕೆರೆಗೆ ಹೊಳೆ ನೀರು ಬಂದದ್ದು ದೊಡ್ಡ ಸಂಗತಿ. ಕಂಡು ಕಣ್ಣೀರು ಹಾಕಿದ ಮುದುಕರಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬರಬೇಕು. ಅದಕ್ಕೆ 5,300 ಕೋಟಿ ರೂಪಾಯಿ ನೆರವನ್ನು ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಸಾರಿತ್ತು. ಬರಲಿ, ಕೇಳುವುದನ್ನು ಬಿಡಬೇಡಿ. ಆದರೆ ಯಂತ್ರದ ನೀರಿಗೆ ಬೆಲೆ ಇದೆ. ಒಂದು ಕೋಟಿ ಲೀಟರನ್ನು ನೂರು ಮೀಟರ್ ಎತ್ತರಕ್ಕೆ ಎತ್ತಬೇಕಾದರೆ ಒಳ್ಳೆಯ ದೊಡ್ಡ ಪಂಪೂ ಸುಮಾರು 4,000 ಯೂನಿಟ್ ಕೇಳುತ್ತದೆ. ಈಗ ಗೋಡೆಯ ಮೇಲೆ ಬರೆದದ್ದನ್ನು ನೋಡಿ: ಎಕರೆಗೆ ಒಂದಿಂಚು, ಒಂದು ಲಕ್ಷ ಲೀಟರ್. ನಾನೂರು ಎಕರೆ ಬಯಲಿನ ಮೇಲೆ ಒಂದಿಂಚು ಮಳೆ ಬಿದ್ದು, ಅದರಲ್ಲಿ ಕಾಲು ಭಾಗ ಮಾತ್ರ ಹರಿದು ಕೆರೆ ಸೇರಿದರೂ ಅದೇ ಒಂದು ಕೋಟಿ ಲೀಟರ್. ಒಂದು ಯೂನಿಟ್ಟೂ ಬೇಡ. ಆ ಹರಿವು ಕೆರೆ ಸೇರುವ ಹಳ್ಳವನ್ನು, ಕಾಲುವೆಯನ್ನು ನಾವು ಒತ್ತಿ ಉತ್ತಿದ್ದೇವೆಯೇ ಎಂಬುದು ಪ್ರಶ್ನೆ. ಪೈಪಿನ ನೀರಿಗೆ ಪೂಜೆ ಮಾಡಿ, ರಾಜಕಾಲುವೆಗೆ ನೇಗಿಲು ಹೂಡಿದರೆ ಹೇಗೆ?

ನಿಮ್ಮ ಹೊಲದ ಮಟ್ಟಿಗೆ ಕೃಷಿ ಹೊಂಡ ಇದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಇದು ಎಲ್ಲರಿಗೂ ಪರಿಚಯವಾಯಿತು. ಹನ್ನೆರಡು ಮೀಟರ್ ಉದ್ದಗಲ, ಮೂರು ಮೀಟರ್ ಆಳ, ಇಳಿಜಾರು ಬದಿ ಬಿಟ್ಟು ತೋಡಿದರೆ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ತುಂತುರು ಪೈಪಿನಲ್ಲಿ ಎಕರೆಗೆ ಒಂದೊಂದು ಇಂಚಿನಂತೆ ಎರಡು ಸಲ ಕೊಡಬಹುದು, ಅಷ್ಟೆ. ಅಷ್ಟೇ ಸಾಕು. ಮೆಕ್ಕೆಜೋಳ ಸೂಲಂಗಿ ಬಿಟ್ಟು ತೆನೆಯಲ್ಲಿ ರೇಷ್ಮೆ ಇಣುಕುವ ಹೊತ್ತಿಗೆ ಮಳೆ ತಪ್ಪಿದರೆ ಕಾಳು ಕಟ್ಟುವುದಿಲ್ಲ. ಆ ಹೊತ್ತಿನ ಎರಡಿಂಚು ನೀರು ಬೆಳೆಯನ್ನು ದಡ ಮುಟ್ಟಿಸುತ್ತದೆ. ಕೆಂಪು ಮಣ್ಣಾದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಎರೆ ಮಣ್ಣಾದರೆ ಹಾಳೆ ಇಲ್ಲದೆಯೂ ನಡೆಯುತ್ತದೆ. ತಾಯಂದಿರೇ, ಒಂದು ಮಾತು: ಹೊಂಡಕ್ಕೆ ತಂತಿ ಬೇಲಿ ಹಾಕಿಸದೆ ಯಜಮಾನರನ್ನು ಬಿಡಬೇಡಿ. ಹಾಳೆ ಹಾಸಿದ ಹೊಂಡಕ್ಕೆ ಜಾರಿದ ಮಗುವಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಒಂದು ಹಗ್ಗವನ್ನೂ ಗಂಟು ಹಾಕಿ ಒಳಗೆ ಇಳಿಬಿಟ್ಟಿರಿ.

ಸೌರ ಪಂಪಿನ ಬಗ್ಗೆ ಬಹಳ ಜನ ಕೇಳಿದ್ದಾರೆ. ಹಗಲು ಓಡುತ್ತದೆ, ಟಿಸಿ ಸುಡುವ ಭಯವಿಲ್ಲ, ರಾತ್ರಿ ಹೊಲಕ್ಕೆ ಹೋಗುವ ಕಷ್ಟವಿಲ್ಲ. ಕುಸುಮ್ ಯೋಜನೆಯ ಸಹಾಯಧನಕ್ಕೆ ಅರ್ಜಿ ಹಾಕುವ ವಿಧಾನವನ್ನು ಕಚೇರಿಯಲ್ಲಿ ಕೇಳಿ ತಿಳಿಯಿರಿ. ಒಳ್ಳೆಯದೇ. ಆದರೆ ಬಿಸಿಲು ಇದ್ದಷ್ಟೂ ಓಡುವ ಪಂಪು ಬೋರಿನಲ್ಲಿ ಇದ್ದಷ್ಟೂ ಎತ್ತುತ್ತದೆ. ಕರೆಂಟಿನ ಕೊರತೆಗೆ ಅದು ಮದ್ದು, ನೀರಿನ ಕೊರತೆಗೆ ಅಲ್ಲ.

ಕೊನೆಯದಾಗಿ, ಸಭೆಯ ಮಾತು. 2025ರ ಜೂನಿನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ, ತರೀಕೆರೆ, ಕಡೂರು ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಗೆ ನಮ್ಮ ಜಿಲ್ಲೆಯ ರೈತರು ಬೀದಿಗಿಳಿದರು. ನಾಲೆ ಸೀಳಿದರೆ ಕೊನೇ ಭಾಗಕ್ಕೆ ನೀರು ಮುಟ್ಟುವುದಿಲ್ಲವೆಂಬ ಅವರ ಅಂಜಿಕೆ ಸುಳ್ಳಲ್ಲ. ಕುಡಿಯಲು ನೀರು ಕೇಳುವ ಆಚೆಯ ತಾಯಿಯ ಬಾಯಾರಿಕೆಯೂ ಸುಳ್ಳಲ್ಲ. ಇಂಥಲ್ಲಿ ಎರಡು ಕಡೆಯವರೂ ಕೇಳಬೇಕಾದದ್ದು ಎಷ್ಟು ನೀರು, ಯಾವ ತಿಂಗಳು, ಬರದ ವರ್ಷ ಯಾರಿಗೆ ಎಷ್ಟು ಕಡಿತ ಎಂಬ ಅಂಕಿಯನ್ನು. ನೀರಾವರಿ ಸಲಹಾ ಸಮಿತಿಯ ಸಭೆಗೆ ಮುಖಂಡರು ಹೋಗುತ್ತಾರೆ, ಅಲ್ಲಿ ಅಣೆಕಟ್ಟೆಯ ಅಡಿಯ ಲೆಕ್ಕ ಇರುತ್ತದೆ. ಊರಿನ ಬೋರುಗಳ ಲೆಕ್ಕ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. ಅದನ್ನು ನೀವು ಮಾಡಬಲ್ಲಿರಿ. ಊರಿನಲ್ಲಿ ಓಡುವ ಬೋರು ಎಷ್ಟು, ಸತ್ತವು ಎಷ್ಟು, ಎಷ್ಟು ಆಳ, ಡ್ರಮ್ಮು ತುಂಬಲು ಎಷ್ಟು ನಿಮಿಷ, ಎಷ್ಟು ಎಕರೆ ತೋಟ, ಎಷ್ಟು ಎಕರೆ ಗದ್ದೆ? ಶಾಲೆಯ ಮಕ್ಕಳ ಹಳೆ ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು. ವರ್ಷಕ್ಕೆ ಎರಡು ಸಲ, ದೀಪಾವಳಿ ಆದಮೇಲೊಮ್ಮೆ, ಯುಗಾದಿ ಆದಮೇಲೊಮ್ಮೆ ಅಳೆಯಿರಿ. ಆ ಪುಸ್ತಕ ಹಿಡಿದು ಗ್ರಾಮಸಭೆಗೆ ಹೋಗಿ. ಹೊಸ ಬೋರು ಕೊರೆಸಲು ಒಡವೆ ಅಡವಿಡಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಬಂದಾಗಲೂ ಅದೇ ಪುಸ್ತಕವನ್ನು ಯಜಮಾನಿಯ ಮುಂದೆ ತೆರೆದಿಟ್ಟು ಮಾತಾಡಿ.

ಡ್ರಮ್ಮಿನ ಅಳತೆಯಲ್ಲಾಗಲಿ, ಗದ್ದೆಯ ಪೈಪು ಹೂಳುವುದರಲ್ಲಾಗಲಿ ಅನುಮಾನ ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಪೈಪಿನ ತುಂಡು, ತೂತು ಹಾಕುವ ಯಂತ್ರ ನೀವು ತಂದರೆ ಗದ್ದೆಯಲ್ಲೇ ಕೂತು ಹೂಳಿ ತೋರಿಸುತ್ತೇವೆ.